ಟು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್: ಆಯಿಲ್ ಇಂಜೆಕ್ಷನ್ ವ್ಯವಸ್ಥೆಯನ್ನು ತೆಗೆಯುವ ಬಗ್ಗೆ ದೋಣಿ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ರಾಜ್ಯದ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಅಳವಡಿಸಿ ಮೀನುಗಾರಿಕೆ ನಡೆಸಲಾಗುತ್ತಿದೆ. ಟು-ಸ್ಟ್ರೋಕ್ ಮಾದರಿಯ ಎಂಜಿನ್‌ಗಳಿಗೆ ಕೀಲೆಣ್ಣೆಯನ್ನು, ಅಂದರೆ ಬಳಕೆಯ ಮಾತಿನಲ್ಲಿ ಆಯಿಲನ್ನು, ಒದಗಿಸುವ ವಿಧಾನಗಳು ಎರಡು. ಮೊದಲನೆಯದು, ಇಂಧನದ ಟ್ಯಾಂಕಿಗೇ ಆಯಿಲ್ ಬೆರೆಸುವ ಮಿಶ್ರಣ ಪದ್ಧತಿ. ಎರಡನೆಯದು, ಪ್ರತ್ಯೇಕ ಆಯಿಲ್ ಟ್ಯಾಂಕಿನಿಂದ ಪಂಪಿನ ಮೂಲಕ ಆಯಿಲ್ ಒದಗಿಸುವ ಆಯಿಲ್ ಇಂಜೆಕ್ಷನ್ ಪದ್ಧತಿ.

ಹಳೆಯ ಎಂಜಿನ್‌ಗಳಲ್ಲಿ ಆಯಿಲ್ ಪಂಪು ಕೆಟ್ಟಾಗ ಅಥವಾ ಬಿಡಿಭಾಗಗಳು ದೊರೆಯದಿದ್ದಾಗ ಮಾಲೀಕರು ಇಂಜೆಕ್ಷನ್ ವ್ಯವಸ್ಥೆಯನ್ನು ತೆಗೆದು ಮಿಶ್ರಣ ಪದ್ಧತಿಗೆ ಬದಲಾಯಿಸುವುದುಂಟು. ಈ ಕೆಲಸವನ್ನು ಸರಿಯಾದ ಮಾದರಿಯ ಎಂಜಿನ್‌ನಲ್ಲಿ, ಪೂರ್ಣವಾಗಿ ಮಾಡಿದಲ್ಲಿ ಎಂಜಿನ್ ತೊಂದರೆಯಿಲ್ಲದೆ ನಡೆಯುತ್ತದೆ. ಅರ್ಧಂಬರ್ಧ ಮಾಡಿದಲ್ಲಿ, ಅಥವಾ ಬದಲಾವಣೆಯ ವಿಷಯ ದೋಣಿಯಲ್ಲಿರುವ ಎಲ್ಲರಿಗೂ ತಿಳಿಯದಿದ್ದಲ್ಲಿ, ಎಂಜಿನ್ ಸಮುದ್ರದ ಮಧ್ಯೆ ನಿಂತುಹೋಗುತ್ತದೆ. ಆದ್ದರಿಂದ ನಿರ್ಧಾರ ಕೈಗೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು, ಕೆಲಸದ ಕ್ರಮ ಹಾಗೂ ನಂತರ ಅನುಸರಿಸಬೇಕಾದ ಎಚ್ಚರಿಕೆಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಟು-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ತಲುಪುವ ಬಗೆ

ಫೋರ್-ಸ್ಟ್ರೋಕ್ ಎಂಜಿನ್‌ನ ತಳಭಾಗದಲ್ಲಿ ಆಯಿಲ್ ಸಂಗ್ರಹವಿದ್ದು, ಅದೇ ಆಯಿಲ್ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಟು-ಸ್ಟ್ರೋಕ್ ಎಂಜಿನ್‌ನಲ್ಲಿ ಇಂತಹ ಸಂಗ್ರಹವಿಲ್ಲ. ಕಾರ್ಬ್ಯುರೇಟರಿನಿಂದ ಬರುವ ಇಂಧನ ಮತ್ತು ಗಾಳಿಯ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿನೊಳಗೆ ಹಾದು, ನಂತರ ಸಿಲಿಂಡರಿಗೆ ಏರುತ್ತದೆ. ಈ ಹಾದಿಯಲ್ಲಿ ಇಂಧನದ ಜೊತೆಗಿರುವ ಆಯಿಲ್ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳು, ಕನೆಕ್ಟಿಂಗ್ ರಾಡಿನ ಎರಡೂ ತುದಿಗಳು, ಪಿಸ್ಟನ್ ಮತ್ತು ಸಿಲಿಂಡರಿನ ಗೋಡೆಗೆ ಲೇಪವಾಗಿ, ಕೊನೆಗೆ ಇಂಧನದೊಂದಿಗೆ ಉರಿದುಹೋಗುತ್ತದೆ.

ಒಮ್ಮೆ ಉರಿದ ಆಯಿಲ್ ಮರಳಿ ಬರುವುದಿಲ್ಲ. ಆದಕಾರಣ ಹೊಸ ಆಯಿಲಿನ ಪೂರೈಕೆ ನಿಂತಲ್ಲಿ, ಪೂರ್ಣ ವೇಗದಲ್ಲಿರುವ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಮೆಕ್ಯಾನಿಕ್‌ಗಳು ಇದನ್ನೇ ಎಂಜಿನ್ ‘ಸೀಜ್’ ಆಯಿತೆನ್ನುತ್ತಾರೆ. ಹೀಗಾದ ಎಂಜಿನ್ ಸಮುದ್ರದಲ್ಲಿ ದುರಸ್ತಿಯಾಗುವಂಥದ್ದಲ್ಲ.

3. ಆಯಿಲ್ ಇಂಜೆಕ್ಷನ್ ವ್ಯವಸ್ಥೆಯ ವಿಧಗಳು

ಎಂಜಿನ್ ಯಾವ ವಿಧದ್ದೆಂದು ತಿಳಿಯದೆ ಯಾವುದೇ ಭಾಗವನ್ನು ಬಿಚ್ಚತಕ್ಕದ್ದಲ್ಲ. ಎಂಜಿನ್‌ನ ಹಿಡಿಕಟ್ಟಿನ ಬಳಿ ಇರುವ ಫಲಕದಲ್ಲಿ ಮಾದರಿ ಮತ್ತು ಕ್ರಮಸಂಖ್ಯೆ ನಮೂದಾಗಿರುತ್ತದೆ. ಅದರ ಆಧಾರದ ಮೇಲೆ ತಯಾರಕರ ಸರ್ವೀಸ್ ಕೈಪಿಡಿಯಲ್ಲಿ ಪರಿಶೀಲಿಸುವುದು. ಮುಖ್ಯ ವಿಧಗಳು ಕೆಳಕಂಡಂತಿವೆ.

ಅ) ಹಲ್ಲುಗಾಲಿಯಿಂದ ನಡೆಯುವ ಪಂಪು: ಕ್ರ್ಯಾಂಕ್‌ಶಾಫ್ಟಿನ ಹಲ್ಲುಗಾಲಿಯು ಪಂಪನ್ನು ತಿರುಗಿಸುತ್ತದೆ. ವೇಗದ ಲಿವರಿಗೆ ಜೋಡಿಸಿದ ಸಣ್ಣ ಸಲಾಕೆಯು ಆಯಿಲಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತದೆ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಪ್ರತಿ ಸಿಲಿಂಡರಿನ ಗಾಳಿದಾರಿಗೆ ಪ್ರತ್ಯೇಕ ಕೊಳವೆಯಿಂದ ಸೇರುತ್ತದೆ. ಕೆಲವುಗಳಲ್ಲಿ ಕಾರ್ಬ್ಯುರೇಟರಿಗೆ ಹೋಗುವ ಇಂಧನದ ಕೊಳವೆಗೇ ಸೇರುತ್ತದೆ.

ಆ) ಇಂಧನ ಮತ್ತು ಆಯಿಲಿನ ಜಂಟಿ ಪಂಪು: ಜಾನ್ಸನ್ ಮತ್ತು ಎವಿನ್ರೂಡ್ ಎಂಜಿನ್‌ಗಳಲ್ಲಿ 1984ರಲ್ಲಿ ಬಂದ ವಿಆರ್‌ಓ ಪಂಪು ಈ ವಿಧದ್ದು. ಇದು ಹಲ್ಲುಗಾಲಿಯಿಂದಲ್ಲ, ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ನಡೆಯುತ್ತದೆ. ಒಂದೇ ಪಂಪು ಇಂಧನವನ್ನೂ ಎಳೆಯುವುದರಿಂದ ಅದನ್ನು ಹಾಗೆಯೇ ಕಿತ್ತುಹಾಕಿದಲ್ಲಿ ಎಂಜಿನ್‌ಗೆ ಇಂಧನವೂ ಬರುವುದಿಲ್ಲ. ಆಯಿಲಿನ ಬಾಯಿಯನ್ನು ಮಾತ್ರ ಮುಚ್ಚಿ ಪಂಪನ್ನು ಇಂಧನಕ್ಕಾಗಿ ಉಳಿಸಿಕೊಳ್ಳಬೇಕು, ಇಲ್ಲವೇ ಸಾಮಾನ್ಯ ಇಂಧನ ಪಂಪನ್ನು ಅಳವಡಿಸಬೇಕು.

ಇ) ನೇರ ಇಂಧನ ಇಂಜೆಕ್ಷನ್ ಎಂಜಿನ್‌ಗಳು: ಎವಿನ್ರೂಡ್ ಈ-ಟೆಕ್, ಮರ್ಕ್ಯುರಿ ಆಪ್ಟಿಮ್ಯಾಕ್ಸ್, ಯಮಹಾ ಎಚ್‌ಪಿಡಿಐ, ಟೊಹಾಟ್ಸು ಟಿಎಲ್‌ಡಿಐ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಇಂಧನವು ನೇರವಾಗಿ ಸಿಲಿಂಡರಿನೊಳಗೆ ಸಿಡಿಯುತ್ತದೆ. ಕ್ರ್ಯಾಂಕ್‌ಕೇಸಿನ ಮೂಲಕ ಹಾದುಹೋಗುವುದು ಗಾಳಿ ಮಾತ್ರ. ಟ್ಯಾಂಕಿಗೆ ಎಷ್ಟೇ ಆಯಿಲ್ ಬೆರೆಸಿದರೂ ಅದು ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನು ತಲುಪುವುದಿಲ್ಲ.

ಎಚ್ಚರಿಕೆ: ‘ಇ’ ವರ್ಗದ ಎಂಜಿನ್‌ಗಳಿಂದ ಆಯಿಲ್ ಇಂಜೆಕ್ಷನ್ ವ್ಯವಸ್ಥೆಯನ್ನು ಯಾವುದೇ ಕಾರಣಕ್ಕೂ ತೆಗೆಯತಕ್ಕದ್ದಲ್ಲ. ಪಂಪು ಕೆಟ್ಟಲ್ಲಿ ಹೊಸ ಪಂಪನ್ನೇ ಹಾಕಿಸಬೇಕು.

ಕಂಪ್ಯೂಟರ್ ನಿಯಂತ್ರಣವಿರುವ ಇತರೆ ಎಂಜಿನ್‌ಗಳ ಸಂಬಂಧ ತಯಾರಕರ ಕೈಪಿಡಿಯಲ್ಲಿ ಸ್ಪಷ್ಟ ಅವಕಾಶವಿದ್ದಲ್ಲಿ ಮಾತ್ರ ಮುಂದುವರಿಯುವುದು. ಕಡಿಮೆ ಅಶ್ವಶಕ್ತಿಯ ಟು-ಸ್ಟ್ರೋಕ್ ಎಂಜಿನ್‌ಗಳು ಸಾಮಾನ್ಯವಾಗಿ ಮೊದಲಿನಿಂದಲೂ ಮಿಶ್ರಣ ಪದ್ಧತಿಯವೇ ಆಗಿರುತ್ತವೆ. ಅಂತಹವುಗಳಲ್ಲಿ ತೆಗೆಯಬೇಕಾದ ಪಂಪು ಇರುವುದಿಲ್ಲ.

4. ತೆಗೆಯುವ ಮುನ್ನ: ದೋಷ ನಿಜವಾಗಿ ಪಂಪಿನದೇ?

ಎಚ್ಚರಿಕೆಯ ಗಂಟೆ ಬಾರಿಸಿದ ಮಾತ್ರಕ್ಕೆ ಪಂಪು ಕೆಟ್ಟಿದೆಯೆಂದು ತೀರ್ಮಾನಿಸುವುದು ಸರಿಯಲ್ಲ. ಪಂಪು ಸುಸ್ಥಿತಿಯಲ್ಲಿದ್ದರೂ ಕೆಳಕಂಡ ಕಾರಣಗಳಿಂದ ಗಂಟೆ ಬಾರಿಸಬಹುದು.

- ಆಯಿಲ್ ಟ್ಯಾಂಕಿನ ಫ್ಲೋಟ್ ಸ್ವಿಚ್ ಅಂಟಿಕೊಂಡಿರುವುದು.
- ಆಯಿಲ್ ಟ್ಯಾಂಕಿನ ತಳದ ಜಾಲರಿ ಕಟ್ಟಿಕೊಂಡಿರುವುದು.
- ಆಯಿಲಿಗೆ ನೀರು ಸೇರಿರುವುದು.
- ಕೊಳವೆ ಬಿರಿದು ಅಥವಾ ಹಿಡಿಕೆ ಸಡಿಲಗೊಂಡು ಗಾಳಿ ಸೇರಿರುವುದು.
- ತಂತಿಯ ಜೋಡಣೆಗಳಿಗೆ ಉಪ್ಪುನೀರಿನಿಂದ ತುಕ್ಕು ಹಿಡಿದಿರುವುದು.

ಅನೇಕ ಎಂಜಿನ್‌ಗಳಲ್ಲಿ ಆಯಿಲ್ ಕೊರತೆಗೂ ಎಂಜಿನ್ ಅತಿಯಾಗಿ ಕಾದುದಕ್ಕೂ ಒಂದೇ ಗಂಟೆ ಇರುತ್ತದೆ. ತಂಪು ನೀರಿನ ಪಂಪು ಕಟ್ಟಿಕೊಂಡು ಗಂಟೆ ಬಾರಿಸುತ್ತಿರುವಾಗ ಆಯಿಲ್ ಪಂಪನ್ನು ತೆಗೆದಲ್ಲಿ ದೋಷ ಹಾಗೆಯೇ ಉಳಿಯುತ್ತದೆ. ಗಂಟೆ ಯಾವ ಕಾರಣಕ್ಕೆ ಬಾರಿಸುತ್ತಿದೆ ಎಂಬುದನ್ನು ಕೈಪಿಡಿಯ ಪ್ರಕಾರ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಕಾರ್ಬ್ಯುರೇಟರ್ ಎಂಜಿನ್‌ಗಳಲ್ಲಿ ಪಂಪಿನ ಪರೀಕ್ಷೆಯನ್ನು ಹೀಗೆ ಮಾಡಬಹುದು. ಪ್ರತ್ಯೇಕ ಕ್ಯಾನಿನಲ್ಲಿ 50:1 ಪ್ರಮಾಣದ ಮಿಶ್ರ ಇಂಧನವನ್ನು ಎಂಜಿನ್‌ಗೆ ಜೋಡಿಸಬೇಕು. ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ದಡದ ಸಮೀಪ ಎಂಜಿನ್ ನಡೆಸಬೇಕು. ಮಟ್ಟವು ಕ್ರಮವಾಗಿ ಇಳಿಯುತ್ತಿದ್ದಲ್ಲಿ ಪಂಪು ಆಯಿಲ್ ಎಳೆಯುತ್ತಿದೆ ಎಂದರ್ಥ. ಪ್ರತ್ಯೇಕ ಕೊಳವೆಗಳಿರುವ ಎಂಜಿನ್‌ಗಳಲ್ಲಿ ಪ್ರತಿಯೊಂದು ಕೊಳವೆಯಲ್ಲೂ ಆಯಿಲ್ ಸಾಗುತ್ತಿರುವುದನ್ನು ನೋಡಬೇಕು. ಪರೀಕ್ಷೆಯ ಅವಧಿಯಲ್ಲಿ ಎರಡೂ ಕಡೆಯಿಂದ ಆಯಿಲ್ ಬರುವುದರಿಂದ ಹೊಗೆ ಹೆಚ್ಚಾಗುತ್ತದೆಯೇ ಹೊರತು ಎಂಜಿನ್‌ಗೆ ಹಾನಿಯಿಲ್ಲ.

ದೋಷವು ಸ್ವಿಚ್, ಜಾಲರಿ ಅಥವಾ ಕೊಳವೆಗೆ ಸೀಮಿತವಾಗಿದ್ದಲ್ಲಿ ಅದನ್ನು ಸರಿಪಡಿಸಿ ವ್ಯವಸ್ಥೆಯನ್ನು ಉಳಿಸಿಕೊಳ್ಳುವುದು ಸೂಕ್ತ. ಪಂಪು ಸವೆದಿದ್ದು ಬಿಡಿಭಾಗ ದೊರೆಯದಿದ್ದಲ್ಲಿ, ಅಥವಾ ಪಂಪನ್ನು ತಿರುಗಿಸುವ ಹಲ್ಲುಗಾಲಿ ಹಲ್ಲು ಕಳೆದುಕೊಂಡಿದ್ದಲ್ಲಿ, ತೆಗೆಯುವ ವಿಚಾರ ಮಾಡಬಹುದು.

5. ಎರಡೂ ಪದ್ಧತಿಗಳ ಅನುಕೂಲ ಮತ್ತು ಅನನುಕೂಲ

ಇಂಜೆಕ್ಷನ್ ಪಂಪು ವೇಗಕ್ಕೆ ತಕ್ಕಂತೆ ಆಯಿಲ್ ನೀಡುತ್ತದೆ. ಪೂರ್ಣ ವೇಗದಲ್ಲಿ ಸುಮಾರು 50:1 ಇರುವ ಪ್ರಮಾಣವು ನಿಧಾನಗತಿಯಲ್ಲಿ 100:1 ಅಥವಾ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ಮಿಶ್ರಣ ಪದ್ಧತಿಯಲ್ಲಿ ಎಲ್ಲ ವೇಗಗಳಲ್ಲೂ ಒಂದೇ ಪ್ರಮಾಣ. ಉದಾಹರಣೆಗೆ, ನಿಧಾನಗತಿಯಲ್ಲಿ 10 ಲೀಟರ್ ಪೆಟ್ರೋಲ್ ಬಳಸಿದಾಗ 100:1 ಪ್ರಮಾಣದಲ್ಲಿ 100 ಮಿ.ಲೀ. ಆಯಿಲ್ ಸಾಕಾಗುತ್ತಿತ್ತು, 50:1 ಮಿಶ್ರಣದಲ್ಲಿ 200 ಮಿ.ಲೀ. ಬೇಕಾಗುತ್ತದೆ. ಆದ್ದರಿಂದ ಬದಲಾವಣೆಯ ನಂತರ ಬಲೆ ಬಿಡುವ ಮತ್ತು ಎಳೆಯುವ ನಿಧಾನಗತಿಯ ಹೊತ್ತಿನಲ್ಲಿ ಹೊಗೆ ಹೆಚ್ಚುತ್ತದೆ, ಸ್ಪಾರ್ಕ್ ಪ್ಲಗ್ಗುಗಳು ಬೇಗ ಮಸಿಗಟ್ಟುತ್ತವೆ ಮತ್ತು ಆಯಿಲ್ ವೆಚ್ಚ ಏರುತ್ತದೆ.

ಪ್ರತಿಯಾಗಿ, ಮಿಶ್ರಣ ಪದ್ಧತಿಯಲ್ಲಿ ಸಮುದ್ರದಲ್ಲಿ ಕೆಡಬಹುದಾದ ಪಂಪು, ಕೊಳವೆ ಮತ್ತು ಸ್ವಿಚ್ಚುಗಳಿಲ್ಲ. ಇಂಧನ ಬಂದಲ್ಲೆಲ್ಲಾ ಆಯಿಲೂ ಬರುತ್ತದೆ. ಆದರೆ ಪಂಪು ಮಾಡುತ್ತಿದ್ದ ಕೆಲಸ ಇನ್ನು ಮುಂದೆ ಇಂಧನ ತುಂಬುವವರ ಕೈಯಲ್ಲಿರುತ್ತದೆ. ಒಮ್ಮೆ ಆಯಿಲ್ ಬೆರೆಸಲು ಮರೆತರೂ ಎಚ್ಚರಿಸುವ ಗಂಟೆ ಇರುವುದಿಲ್ಲ. ಈ ಹೊಣೆಯನ್ನು ತಪ್ಪದೆ ನಿರ್ವಹಿಸಲು ಸಾಧ್ಯವಿಲ್ಲದ ದೋಣಿಗಳಲ್ಲಿ, ವಿಶೇಷವಾಗಿ ದಿನಕ್ಕೊಬ್ಬರು ಇಂಧನ ತುಂಬುವ ಕಡೆ, ಹೊಸ ಪಂಪು ಹಾಕಿಸುವುದೇ ಮೇಲು.

6. ತೆಗೆಯುವ ಕ್ರಮ

ಈ ಕೆಲಸವನ್ನು ಔಟ್‌ಬೋರ್ಡ್ ಎಂಜಿನ್‌ನಲ್ಲಿ ಅನುಭವವಿರುವ ಮೆಕ್ಯಾನಿಕ್‌ನಿಂದಲೇ ಮಾಡಿಸತಕ್ಕದ್ದು. ಕೆಳಗಿನ ಕ್ರಮವು ‘ಅ’ ವರ್ಗದ ಎಂಜಿನ್‌ಗಳಿಗೆ ಸಂಬಂಧಿಸಿದ್ದು, ಕೆಲಸ ಪೂರ್ಣವಾಗಿದೆಯೇ ಎಂದು ಮಾಲೀಕರು ಪರಿಶೀಲಿಸಲು ಸಹ ಇದನ್ನು ಬಳಸಬಹುದು.

(1) ಎಂಜಿನನ್ನು ದಡದ ಮೇಲೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಇಂಧನದ ಕೊಳವೆ, ಬ್ಯಾಟರಿ ಮತ್ತು ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಬೇರ್ಪಡಿಸುವುದು. ಸುತ್ತಮುತ್ತ ಬೆಂಕಿ, ಬೀಡಿ, ಸಿಗರೇಟು ನಿಷಿದ್ಧ.

(2) ಆಯಿಲ್ ಟ್ಯಾಂಕನ್ನು ಬರಿದು ಮಾಡಿ, ಟ್ಯಾಂಕ್ ಮತ್ತು ಕೊಳವೆಗಳನ್ನು ತೆಗೆಯುವುದು. ಹಳೆಯ ಆಯಿಲನ್ನು ಹೊಳೆ ಅಥವಾ ಸಮುದ್ರಕ್ಕೆ ಸುರಿಯಕೂಡದು.

(3) ವೇಗದ ಲಿವರಿನಿಂದ ಪಂಪಿಗೆ ಇರುವ ಸಲಾಕೆಯನ್ನು ಕಳಚುವುದು. ಅರ್ಧ ಬಿಟ್ಟ ಸಲಾಕೆಯು ಲಿವರಿಗೆ ಸಿಕ್ಕಿಕೊಂಡು ವೇಗ ಇಳಿಯದಂತೆ ಮಾಡಬಹುದು.

(4) ಪಂಪನ್ನು ಬಿಚ್ಚಿ, ಅದರೊಂದಿಗಿರುವ ತಿರುಗುವ ದಂಡ ಮತ್ತು ಹಲ್ಲುಗಾಲಿಯನ್ನು ಹೊರತೆಗೆಯುವುದು. ಕೆಲವು ಮಾದರಿಗಳಲ್ಲಿ ಈ ಹಲ್ಲುಗಾಲಿ ಪ್ಲಾಸ್ಟಿಕ್ಕಿನದು. ಅದನ್ನು ಒಳಗೇ ಬಿಟ್ಟಲ್ಲಿ ಮುಂದೆ ಒಡೆದು ಚೂರುಗಳು ಎಂಜಿನ್‌ನೊಳಗೆ ಸೇರುವ ಅಪಾಯವಿದೆ. ಈಗಾಗಲೇ ಹಲ್ಲು ಮುರಿದಿದ್ದಲ್ಲಿ ಚೂರುಗಳೆಲ್ಲವೂ ಹೊರಬಂದಿವೆಯೇ ಎಂದು ನೋಡುವುದು.

(5) ಪಂಪು ಇದ್ದ ರಂಧ್ರವನ್ನು ಲೋಹದ ಮುಚ್ಚುತಟ್ಟೆ ಮತ್ತು ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ಉಂಗುರದಿಂದ ಮುಚ್ಚುವುದು. ಬಟ್ಟೆ, ಮರದ ಬೆಣೆ, ಸಾಮಾನ್ಯ ಅಂಟು ಸಲ್ಲದು. ಇಲ್ಲಿ ಸೋರಿಕೆಯಿದ್ದು ಕ್ರ್ಯಾಂಕ್‌ಕೇಸಿಗೆ ಹೆಚ್ಚುವರಿ ಗಾಳಿ ನುಗ್ಗಿದಲ್ಲಿ ಇಂಧನ ಮತ್ತು ಆಯಿಲ್ ಎರಡರ ಪಾಲೂ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಮಿಶ್ರಣ ಸರಿಯಾಗಿದ್ದೂ ಎಂಜಿನ್ ಕಚ್ಚಿಕೊಳ್ಳಲು ಇದೊಂದು ಕಾರಣ.

(6) ಗಾಳಿದಾರಿಯಲ್ಲಿರುವ ಆಯಿಲ್ ಮೂತಿಗಳನ್ನು ಒಂದೊಂದಾಗಿ, ಇಂಧನ ತಾಳಿಕೊಳ್ಳುವ ರಬ್ಬರ್ ಮುಚ್ಚಳ ಮತ್ತು ಹಿಡಿಕೆಯಿಂದ ಭದ್ರಪಡಿಸುವುದು. ಒಂದು ಮೂತಿ ತೆರೆದುಕೊಂಡರೂ ಆ ಒಂದು ಸಿಲಿಂಡರ್ ಹಾಳಾಗುತ್ತದೆ. ಆಯಿಲ್ ಇಂಧನದ ಕೊಳವೆಗೆ ಸೇರುತ್ತಿದ್ದ ಮಾದರಿಗಳಲ್ಲಿ ಸೇರುವ ಕವಲನ್ನೇ ತೆಗೆದು ಅಖಂಡ ಕೊಳವೆ ಹಾಕುವುದು.

(7) ಆಯಿಲ್ ಮಟ್ಟದ ಸ್ವಿಚ್ಚಿನ ತಂತಿಗಳನ್ನು ಕೈಪಿಡಿಯಲ್ಲಿ ಸೂಚಿಸಿದಂತೆ ಬೇರ್ಪಡಿಸಿ, ತುದಿಗಳನ್ನು ನೀರು ತಾಗದಂತೆ ಮುಚ್ಚುವುದು. ಕೆಲವು ಎಂಜಿನ್‌ಗಳಲ್ಲಿ ತಂತಿ ಬಿಡಿಯಾಗಿರಬೇಕು, ಕೆಲವುಗಳಲ್ಲಿ ಜೋಡಿಸಿರಬೇಕು. ತಪ್ಪಿದಲ್ಲಿ ಗಂಟೆ ನಿಲ್ಲದೆ ಬಾರಿಸುತ್ತದೆ ಅಥವಾ ಎಂಜಿನ್ ತಾನಾಗಿ ವೇಗ ಇಳಿಸುತ್ತದೆ. ಗಂಟೆಯ ತಂತಿಯನ್ನೇ ಕತ್ತರಿಸುವುದು ಅಪಾಯಕರ. ಹಾಗೆ ಮಾಡಿದಲ್ಲಿ ಎಂಜಿನ್ ಕಾದಾಗ ಎಚ್ಚರಿಸುವ ವ್ಯವಸ್ಥೆಯೂ ಇಲ್ಲವಾಗುತ್ತದೆ.

(8) ಕಾರ್ಬ್ಯುರೇಟರ್, ಇಂಧನದ ಜಾಲರಿ, ಕೈಪಂಪು ಮತ್ತು ಕೊಳವೆಗಳಲ್ಲಿ ಉಳಿದಿರುವ ಆಯಿಲ್ ಬೆರೆಸದ ಪೆಟ್ರೋಲನ್ನು ಪೂರ್ಣವಾಗಿ ಬಸಿಯುವುದು. ದೋಣಿಯ ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಅಳೆದು ಅದಕ್ಕೂ ಆಯಿಲ್ ಬೆರೆಸುವುದು. ಕೆಲಸ ಮುಗಿಸಿ ಹಳೆಯ ಪೆಟ್ರೋಲಿನಲ್ಲೇ ಎಂಜಿನ್ ಚಾಲೂ ಮಾಡುವುದು ಸುಲಭವಾಗಿ ಆಗಬಹುದಾದ ಮತ್ತು ಅತಿ ದುಬಾರಿಯಾದ ತಪ್ಪು.

7. ಆಯಿಲ್ ಮತ್ತು ಮಿಶ್ರಣದ ಪ್ರಮಾಣ

ನೀರಿನಿಂದ ತಂಪಾಗುವ ಔಟ್‌ಬೋರ್ಡ್ ಎಂಜಿನ್‌ಗಳಿಗೆಂದೇ ತಯಾರಾದ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತಿರುವ ಆಯಿಲನ್ನು ಬಳಸತಕ್ಕದ್ದು. ದ್ವಿಚಕ್ರ ವಾಹನಗಳ 2ಟಿ ಆಯಿಲ್ ಗಾಳಿಯಿಂದ ತಂಪಾಗುವ ಎಂಜಿನ್‌ಗಳಿಗಾಗಿ ಇರುವಂಥದ್ದು. ಕಾರು, ಲಾರಿ, ಟ್ರ್ಯಾಕ್ಟರುಗಳ ಎಂಜಿನ್ ಆಯಿಲ್ ಹಾಗೂ ಬಳಸಿ ತೆಗೆದ ಆಯಿಲ್ ಸಂಪೂರ್ಣ ನಿಷಿದ್ಧ.

ಪ್ರಮಾಣವನ್ನು ತಯಾರಕರ ಕೈಪಿಡಿಯಿಂದಲೇ ತಿಳಿಯುವುದು. ಸಾಮಾನ್ಯವಾಗಿ 50:1, ಅಂದರೆ ಒಂದು ಲೀಟರಿಗೆ 20 ಮಿ.ಲೀ. ಇರುತ್ತದೆ. ಹೊಸದಾಗಿ ಪಿಸ್ಟನ್ ಅಥವಾ ಬೇರಿಂಗ್ ಹಾಕಿಸಿದ ಎಂಜಿನ್‌ಗೆ ಆರಂಭದ ಕೆಲವು ಗಂಟೆಗಳ ಕಾಲ 25:1 ಪ್ರಮಾಣವನ್ನು ಹಲವು ತಯಾರಕರು ಸೂಚಿಸುತ್ತಾರೆ.

ಇಂಧನ 5 ಲೀ.: 50:1ಕ್ಕೆ 100 ಮಿ.ಲೀ.; 25:1ಕ್ಕೆ 200 ಮಿ.ಲೀ.
ಇಂಧನ 10 ಲೀ.: 50:1ಕ್ಕೆ 200 ಮಿ.ಲೀ.; 25:1ಕ್ಕೆ 400 ಮಿ.ಲೀ.
ಇಂಧನ 20 ಲೀ.: 50:1ಕ್ಕೆ 400 ಮಿ.ಲೀ.; 25:1ಕ್ಕೆ 800 ಮಿ.ಲೀ.
ಇಂಧನ 25 ಲೀ.: 50:1ಕ್ಕೆ 500 ಮಿ.ಲೀ.; 25:1ಕ್ಕೆ 1 ಲೀ.

ಬೆರೆಸುವ ವಿಧಾನ: ಕ್ಯಾನಿಗೆ ಮೊದಲು ಅರ್ಧದಷ್ಟು ಇಂಧನ ಹಾಕಿ, ಅಳತೆಯ ಪಾತ್ರೆಯಿಂದ ಪೂರ್ತಿ ಆಯಿಲ್ ಸುರಿದು, ಮುಚ್ಚಿ ಚೆನ್ನಾಗಿ ಕುಲುಕಿ, ಉಳಿದ ಇಂಧನ ತುಂಬಿ ಮತ್ತೆ ಕುಲುಕಬೇಕು. ಅಂದಾಜಿನಿಂದ ಅಥವಾ ಬಣ್ಣ ನೋಡಿ ಬೆರೆಸಕೂಡದು.

ಅರ್ಧ ಖಾಲಿಯಾದ ಟ್ಯಾಂಕಿಗೆ ತುಂಬುವಾಗ: ಟ್ಯಾಂಕಿನಲ್ಲಿ 8 ಲೀಟರ್ ಮಿಶ್ರ ಇಂಧನ ಉಳಿದಿದ್ದು, 12 ಲೀಟರ್ ಹೊಸ ಪೆಟ್ರೋಲ್ ಹಾಕುವುದಾದಲ್ಲಿ 12 ಲೀಟರಿಗೆ ಮಾತ್ರ, ಅಂದರೆ 240 ಮಿ.ಲೀ. ಆಯಿಲ್ ಬೆರೆಸಬೇಕು. ಉಳಿದಿದ್ದ 8 ಲೀಟರ್ ಆಯಿಲ್ ಬೆರೆಸದ್ದಾಗಿದ್ದಲ್ಲಿ ಒಟ್ಟು 20 ಲೀಟರಿಗೆ 400 ಮಿ.ಲೀ. ಬೇಕು. ಬೆರೆಸಲಾಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದಲ್ಲಿ, ಬೆರೆಸದ್ದೆಂದೇ ಭಾವಿಸಿ ಬೆರೆಸುವುದು. ಆಯಿಲ್ ಹೆಚ್ಚಾದಲ್ಲಿ ಪ್ಲಗ್ಗು ಮಸಿಯಾಗುತ್ತದೆ, ಆಯಿಲ್ ಇಲ್ಲದಿದ್ದಲ್ಲಿ ಎಂಜಿನ್ ಹೋಗುತ್ತದೆ.

8. ಸೀಮೆಎಣ್ಣೆ ಮತ್ತು ಎಥನಾಲ್ ಮಿಶ್ರಿತ ಪೆಟ್ರೋಲ್ ಬಳಸುವವರ ಗಮನಕ್ಕೆ

ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ನಂತರ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಲಾಗುತ್ತದೆ. ಮಿಶ್ರಣ ಪದ್ಧತಿಯಲ್ಲಿ ಎರಡೂ ಟ್ಯಾಂಕುಗಳಿಗೆ ಆಯಿಲ್ ಬೆರೆಸುವುದು ಕಡ್ಡಾಯ. ದೊಡ್ಡ ಟ್ಯಾಂಕಿನ ಸೀಮೆಎಣ್ಣೆಗೆ ಬೆರೆಸಿ, ಸಣ್ಣ ಪೆಟ್ರೋಲ್ ಟ್ಯಾಂಕನ್ನು ಮರೆಯಬಾರದು. ಆಯಿಲ್ ಪಂಪು ತೆಗೆದ ಮಾತ್ರಕ್ಕೆ ಪೆಟ್ರೋಲ್ ಎಂಜಿನ್ ಸೀಮೆಎಣ್ಣೆ ಎಂಜಿನ್ ಆಗುವುದಿಲ್ಲ ಎಂಬುದನ್ನೂ ಗಮನಿಸುವುದು.

ದೇಶದ ಪೆಟ್ರೋಲ್ ಬಂಕುಗಳಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2025ರ ವೇಳೆಗೆ ವ್ಯಾಪಕವಾಗಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿಗೆ ಹೆಚ್ಚು ನೀರು ಸೇರಿದಲ್ಲಿ ಎಥನಾಲ್ ಮತ್ತು ನೀರು ಒಂದಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಮತ್ತು ಅದರಲ್ಲಿನ ಆಯಿಲ್ ಮೇಲೆ ಉಳಿಯುತ್ತದೆ. ಕೊಳವೆಯು ತಳದಿಂದ ಎಳೆಯುವುದರಿಂದ ಸರಿಯಾಗಿ ಆಯಿಲ್ ಬೆರೆಸಿದ್ದರೂ ಎಂಜಿನ್‌ಗೆ ಆಯಿಲ್ ತಲುಪದೆ ಹೋಗಬಹುದು. ಆದ್ದರಿಂದ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕು, ನೀರು ಬೇರ್ಪಡಿಸುವ ಜಾಲರಿ ಅಳವಡಿಸಬೇಕು, ಮಿಶ್ರ ಇಂಧನವನ್ನು ತಿಂಗಳುಗಟ್ಟಲೆ ಇಡಬಾರದು. ಮಳೆಗಾಲದ ಬಿಡುವಿನ ನಂತರ ಹಳೆಯ ಮಿಶ್ರಣವನ್ನು ಬಳಸದಿರುವುದು ಕ್ಷೇಮ. ಹಳೆಯ ರಬ್ಬರ್ ಕೊಳವೆಗಳನ್ನು ಎಥನಾಲ್ ತಾಳಿಕೊಳ್ಳುವ ಕೊಳವೆಗಳಿಂದ ಬದಲಾಯಿಸುವುದು.

9. ಪರೀಕ್ಷಾರ್ಥ ಚಾಲನೆ

ಎಂಜಿನ್‌ನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ 10ರಿಂದ 15 ನಿಮಿಷ ನಿಧಾನಗತಿಯಲ್ಲಿ ನಡೆಸುವುದು. ನೀರಿಲ್ಲದೆ ಚಾಲೂ ಮಾಡಕೂಡದು. ತೆಳು ನೀಲಿ ಹೊಗೆ ಸಹಜ. ಲಿವರ್ ಇಳಿಸಿದರೂ ವೇಗ ಇಳಿಯದೆ ಏರುತ್ತಿದ್ದಲ್ಲಿ ಗಾಳಿ ಸೋರಿಕೆಯ ಲಕ್ಷಣವಾಗಿದ್ದು, ತಕ್ಷಣ ನಿಲ್ಲಿಸಿ ಮುಚ್ಚುತಟ್ಟೆ ಹಾಗೂ ಮೂತಿಗಳನ್ನು ಪರಿಶೀಲಿಸುವುದು. ನಂತರ ಎಲ್ಲ ಪ್ಲಗ್ಗುಗಳನ್ನು ಬಿಚ್ಚಿ ನೋಡುವುದು. ತಿಳಿಕಂದು ಬಣ್ಣ ಸರಿಯಾದುದು. ಒಂದು ಪ್ಲಗ್ಗು ಮಾತ್ರ ಬೆಳ್ಳಗೆ ಸುಟ್ಟಂತಿದ್ದಲ್ಲಿ ಆ ಸಿಲಿಂಡರಿನಲ್ಲಿ ಸೋರಿಕೆಯಿದೆಯೇ ಎಂದು ನೋಡತಕ್ಕದ್ದು.

ಮೊದಲ ಕೆಲವು ಯಾನಗಳನ್ನು ದಡದ ಸಮೀಪದಲ್ಲಿ, ಮತ್ತೊಂದು ದೋಣಿಯ ಜೊತೆಯಲ್ಲಿ, ಹುಟ್ಟುಗಳನ್ನು ಇಟ್ಟುಕೊಂಡು ನಡೆಸುವುದು. ಹೊನ್ನಾವರ, ಗಂಗೊಳ್ಳಿ ಮುಂತಾದ ಕಡೆಗಳ ಅಳಿವೆ ಬಾಗಿಲಿನಲ್ಲಿ ಮರಳು ದಿಣ್ಣೆಗಳ ಮೇಲೆ ಅಲೆ ಒಡೆಯುತ್ತದೆ. ಅಂತಹ ಜಾಗದಲ್ಲಿ ಎಂಜಿನ್ ನಿಂತಲ್ಲಿ ದೋಣಿ ಅಲೆಗೆ ಅಡ್ಡ ತಿರುಗಿ ಮಗುಚುವ ಸಂಭವವಿದೆ. ಪರೀಕ್ಷೆ ಮುಗಿಯದ ಎಂಜಿನ್‌ನೊಂದಿಗೆ ಅಳಿವೆ ದಾಟಕೂಡದು.

10. ಬದಲಾವಣೆಯನ್ನು ಎಲ್ಲರಿಗೂ ತಿಳಿಸುವುದು

ಪಂಪು ತೆಗೆದ ಎಂಜಿನ್ ಹೊರನೋಟಕ್ಕೆ ಮೊದಲಿನಂತೆಯೇ ಕಾಣುತ್ತದೆ. ಹೊದಿಕೆಯ ಮೇಲೆ ತಯಾರಕರು ಅಂಟಿಸಿದ ಆಯಿಲ್ ಇಂಜೆಕ್ಷನ್ ಎಂಬ ಬರಹವೂ ಹಾಗೆಯೇ ಇರುತ್ತದೆ. ಅದನ್ನು ನಂಬಿದ ಹೊಸಬರು ಬರಿ ಪೆಟ್ರೋಲ್ ತುಂಬುವ ಸಂಭವವಿರುವುದರಿಂದ ಕೆಳಕಂಡ ಕ್ರಮಗಳನ್ನು ಕೈಗೊಳ್ಳತಕ್ಕದ್ದು.

- ಹಳೆಯ ಬರಹವನ್ನು ಅಳಿಸುವುದು ಅಥವಾ ಮುಚ್ಚುವುದು.
- ಎಂಜಿನ್ ಹೊದಿಕೆ, ಇಂಧನ ಟ್ಯಾಂಕಿನ ಮುಚ್ಚಳ ಮತ್ತು ಪ್ರತಿ ಕ್ಯಾನಿನ ಮೇಲೆ “ಆಯಿಲ್ ಬೆರೆಸಿದ ಇಂಧನ ಮಾತ್ರ – 50:1” ಎಂದು ಅಳಿಯದ ಬಣ್ಣದಲ್ಲಿ ಬರೆಸುವುದು.
- ದೋಣಿಯಲ್ಲಿ ಹೊರರಾಜ್ಯದ ಕಾರ್ಮಿಕರಿದ್ದಲ್ಲಿ ಅವರಿಗೆ ತಿಳಿಯುವ ಭಾಷೆಯಲ್ಲೂ ಬರೆಸಿ, ಬಾಯಿಮಾತಿನಲ್ಲಿ ಹೇಳುವುದು.
- ಬರಿ ಪೆಟ್ರೋಲ್ ಮತ್ತು ಮಿಶ್ರ ಇಂಧನಕ್ಕೆ ಬೇರೆ ಬೇರೆ ಬಣ್ಣದ ಕ್ಯಾನುಗಳನ್ನು ಬಳಸುವುದು.
- ಅಳತೆ ಪಾತ್ರೆ ಹಾಗೂ ಕನಿಷ್ಠ ಒಂದು ಟ್ಯಾಂಕಿಗೆ ಸಾಕಾಗುವ ಆಯಿಲನ್ನು ಸದಾ ದೋಣಿಯಲ್ಲಿ ಇಡುವುದು.
- ಎಂಜಿನ್ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಬದಲಾವಣೆಯನ್ನು ಬರಹದಲ್ಲಿ ತಿಳಿಸುವುದು.

11. ನೋಂದಣಿ, ಪರವಾನಗಿ ಮತ್ತು ಸಹಾಯಧನದ ಅರ್ಜಿದಾರರ ಗಮನಕ್ಕೆ

(ಅ) ಆಯಿಲ್ ಪಂಪು ತೆಗೆಯುವುದರಿಂದ ಎಂಜಿನ್‌ನ ಕ್ರಮಸಂಖ್ಯೆ ಅಥವಾ ಅಶ್ವಶಕ್ತಿ ಬದಲಾಗುವುದಿಲ್ಲ. ಸಂಖ್ಯೆಯ ಫಲಕವನ್ನು ಕೀಳುವುದು, ಉಜ್ಜುವುದು ಅಥವಾ ಬಣ್ಣ ಬಳಿಯುವುದನ್ನು ಮಾಡಕೂಡದು. ದಾಖಲೆಗಳಲ್ಲಿನ ಸಂಖ್ಯೆ ಫಲಕದೊಂದಿಗೆ ತಾಳೆಯಾಗಬೇಕು.

(ಆ) ಪಂಪಿನ ಬದಲು ಇಡೀ ಎಂಜಿನನ್ನೇ ಬದಲಾಯಿಸಿದಲ್ಲಿ, ಹೊಸ ಎಂಜಿನ್‌ನ ವಿವರವನ್ನು ದೋಣಿಯ ದಾಖಲೆಗಳಲ್ಲಿ ಸೇರಿಸಲು ಸಂಬಂಧಪಟ್ಟ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ಖರೀದಿ ರಸೀದಿಯನ್ನು ಕಾಯ್ದಿರಿಸಿಕೊಳ್ಳುವುದು. ರಾಜ್ಯದ ಸಾಗರ ಮೀನುಗಾರಿಕೆಯು ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ಕ್ಕೆ ಒಳಪಟ್ಟಿದೆ.

(ಇ) ಸಹಾಯಧನದಲ್ಲಿ ಪಡೆದ ಎಂಜಿನ್ ಆಗಿದ್ದಲ್ಲಿ, ಬದಲಾವಣೆಗೆ ಮುನ್ನ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿ ನೋಡುವುದು. ಖಾತರಿ ಅವಧಿಯಲ್ಲಿರುವ ಎಂಜಿನ್‌ನಿಂದ ಪಂಪು ತೆಗೆದಲ್ಲಿ ಖಾತರಿ ರದ್ದಾಗಬಹುದು. ಮಾರಾಟಗಾರರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯುವುದು.

(ಈ) ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಅವಧಿಯಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಬಳಸಲು ಅವಕಾಶವಿಲ್ಲ. ದೊಡ್ಡ ಎಂಜಿನ್‌ಗಳ ದುರಸ್ತಿಗೆ ಈ ಅವಧಿ ಅನುಕೂಲಕರ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಂಪನ್ನು ತೆಗೆಯದೆ, ಟ್ಯಾಂಕಿಗೂ ಆಯಿಲ್ ಬೆರೆಸಿ ನಡೆಸಬಹುದೇ?
ಉತ್ತರ: ಕಾರ್ಬ್ಯುರೇಟರ್ ಎಂಜಿನ್‌ಗಳಲ್ಲಿ ತಾತ್ಕಾಲಿಕವಾಗಿ ನಡೆಸಬಹುದು. ಹೊಗೆ ಮತ್ತು ಮಸಿ ಹೆಚ್ಚುತ್ತದೆ. ಹಲ್ಲುಗಾಲಿ ಮುರಿಯುವ ಸ್ಥಿತಿಯಲ್ಲಿದ್ದಲ್ಲಿ ಇದು ಪರಿಹಾರವಲ್ಲ.

ಪ್ರಶ್ನೆ: ಆಯಿಲ್ ಟ್ಯಾಂಕನ್ನು ಖಾಲಿ ಬಿಟ್ಟು ಪಂಪನ್ನು ಹಾಗೆಯೇ ಇಡಬಹುದೇ?
ಉತ್ತರ: ಇಡಕೂಡದು. ಒಣಗಿ ತಿರುಗುವ ಪಂಪು ಸವೆದು ಒಡೆಯಬಹುದು. ಕೊಳವೆಗಳ ಮೂಲಕ ಗಾಳಿಯೂ ಸೇರಬಹುದು.

ಪ್ರಶ್ನೆ: ಪಂಪು ತೆಗೆದ ನಂತರ ಕಾರ್ಬ್ಯುರೇಟರಿನ ಜೆಟ್ ಬದಲಾಯಿಸಬೇಕೇ?
ಉತ್ತರ: 50:1 ಮಿಶ್ರಣದಲ್ಲಿ ಆಯಿಲಿನ ಪಾಲು ಶೇ. 2ರಷ್ಟು ಮಾತ್ರ. ಸಾಮಾನ್ಯವಾಗಿ ಅಗತ್ಯವಿರುವುದಿಲ್ಲ.

ಪ್ರಶ್ನೆ: ಪಂಪು ಇರುವ ಎಂಜಿನ್‌ನಲ್ಲಿ ಸಮುದ್ರದ ಮಧ್ಯೆ ಆಯಿಲ್ ಗಂಟೆ ಬಾರಿಸಿದಲ್ಲಿ ಏನು ಮಾಡಬೇಕು?
ಉತ್ತರ: ವೇಗ ಇಳಿಸಿ ಎಂಜಿನ್ ನಿಲ್ಲಿಸುವುದು. ತಂಪು ನೀರು ಹೊರಬರುತ್ತಿತ್ತೇ ಎಂಬುದನ್ನೂ, ಆಯಿಲ್ ಮಟ್ಟವನ್ನೂ ನೋಡುವುದು. ಆಯಿಲ್ ಇದ್ದೂ ಪಂಪು ಎಳೆಯದಿದ್ದಲ್ಲಿ, ಕಾರ್ಬ್ಯುರೇಟರ್ ಎಂಜಿನ್ ಆಗಿದ್ದಲ್ಲಿ ಮಾತ್ರ, ಟ್ಯಾಂಕಿನ ಇಂಧನಕ್ಕೆ 50:1ರಂತೆ ಆಯಿಲ್ ಬೆರೆಸಿ ದಡಕ್ಕೆ ಹಿಂದಿರುಗುವುದು. ಕೊಳವೆಯಲ್ಲಿ ಉಳಿದ ಆಯಿಲ್ ಬೆರೆಸದ ಇಂಧನ ಮುಗಿಯುವವರೆಗೆ ವೇಗ ಹೆಚ್ಚಿಸಕೂಡದು.

ಪ್ರಶ್ನೆ: ಎಂಜಿನ್ ಪೂರ್ಣ ನಿಂತುಹೋದಲ್ಲಿ?
ಉತ್ತರ: ಮೊದಲು ಲಂಗರು ಹಾಕಿ, ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸುವುದು. ಹತ್ತಿರದ ದೋಣಿಗಳಿಗೆ ಸಂಜ್ಞೆ ನೀಡುವುದು. ಭಾರತೀಯ ತಟರಕ್ಷಕ ಪಡೆಯ ಸಹಾಯವಾಣಿ 1554 ಅಥವಾ ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093ಕ್ಕೆ ಕರೆ ಮಾಡುವುದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಆಯಾ ಎಂಜಿನ್‌ನ ತಯಾರಕರ ಕೈಪಿಡಿಗೂ ಇಲ್ಲಿನ ವಿವರಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಕೈಪಿಡಿಯನ್ನೇ ಅನುಸರಿಸತಕ್ಕದ್ದು.